ಮನೆಯಲ್ಲಿ ಹೆರಿಗೆ ಮಾಡಿಸುವ ಮಿಡ್‌ವೈಫ್ ಆಗಬೇಕು, ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನನಗೆ 31 ವರ್ಷ. ಇಬ್ಬರು ಮಕ್ಕಳು. ಮೊದಲ ಹೆರಿಗೆ ಆಸ್ಪತ್ರೆಯಲ್ಲಿ ಆಯಿತು. ಕೇಳದೆ ಮುಟ್ಟಿದರು, ಹೇಳದೆ ಕೊಯ್ದು ಹೊಲಿಗೆ ಹಾಕಿದರು, ನೋವಿಗೆ ಕೂಗಿದರೆ ಬೈದರು. ಅದು ಇನ್ನೂ ಮನಸ್ಸಿನಿಂದ ಹೋಗಿಲ್ಲ. ಎರಡನೆಯದಕ್ಕೆ ಮಿಡ್‌ವೈಫ್ ಒಬ್ಬರು ಮನೆಗೇ ಬಂದಿದ್ದರು. ಪ್ರತಿಯೊಂದನ್ನೂ ನನ್ನನ್ನು ಕೇಳಿ ಮಾಡಿದರು. ಈಗ ನನಗೂ ಅದೇ ಕೆಲಸ ಕಲಿಯಬೇಕು ಅನ್ನಿಸಿದೆ. ನಾನು ನರ್ಸಿಂಗ್ ಓದಿಲ್ಲ. ಆರು ವಾರದ ಒಂದು ಆನ್‌ಲೈನ್ 'ಸಹಜ ಹೆರಿಗೆ' ಕೋರ್ಸ್ ನೋಡಿದ್ದೇನೆ, ಕೊನೆಗೆ ಸರ್ಟಿಫಿಕೇಟ್ ಕೊಡುತ್ತಾರಂತೆ. ಅಷ್ಟು ಸಾಕೇ? ಪರಿಚಯದ ಡಾಕ್ಟರ್ ಒಬ್ಬರು ಮನೆ ಹೆರಿಗೆ ಅಂದರೆ ಜೀವದ ಜೊತೆ ಆಟ ಎನ್ನುತ್ತಾರೆ. ನನ್ನ ಗೆಳತಿ, ಆಸ್ಪತ್ರೆಗೆ ಹೋಗಿ ಕಲಿತರೆ ಅಲ್ಲಿನ ಒರಟುತನ ನಿನಗೂ ಅಂಟುತ್ತದೆ ಎನ್ನುತ್ತಾಳೆ. ಯಾರ ಮಾತು ನಂಬಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆ ಹೆಣೆದುಕೊಂಡಿವೆ. ಮನೆ ಹೆರಿಗೆ ಅಷ್ಟೊಂದು ಅಪಾಯವೇ? ಅದನ್ನು ಮಾಡಿಸಲು ಎಷ್ಟು ಕಲಿಯಬೇಕು? ಆಸ್ಪತ್ರೆಯಲ್ಲಿ ಕಲಿತರೆ ನಾನೂ ಅವರ ಹಾಗೇ ಆಗಿಬಿಡುತ್ತೇನಾ? ಮೂರನೆಯದು ನಿಮ್ಮನ್ನು ಜಾಸ್ತಿ ಕಾಡುತ್ತಿದೆ ಅಂತ ಕಾಣುತ್ತದೆ. ಅದಕ್ಕೂ ಬರುತ್ತೇನೆ.

ಮೊದಲಿಗೆ ನಿಮಗಾದದ್ದರ ಬಗ್ಗೆ. 'ಮಗು ಚೆನ್ನಾಗಿದೆಯಲ್ಲ, ಇನ್ನೇನು ಬೇಕು' ಎಂದು ಹೇಳಿ ಬಾಯಿ ಮುಚ್ಚಿಸುವವರು ಎಲ್ಲ ಕಡೆ ಇದ್ದಾರೆ. ಅವರ ಮಾತಿಗೆ ಕಿವಿಗೊಡಬೇಡಿ. ಹೆರಿಗೆ ಕೋಣೆಯ ಅವಮಾನ, ದೌರ್ಜನ್ಯದ ವಿರುದ್ಧ ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ ಹೇಳಿಕೆ ಹೊರಡಿಸಿದೆ. ಅದರ 2018ರ ಹೆರಿಗೆ ಆರೈಕೆಯ ಮಾರ್ಗಸೂಚಿಯಲ್ಲಿ 56 ಶಿಫಾರಸುಗಳಿವೆ. ಮೊಟ್ಟಮೊದಲನೆಯದೇ ಗೌರವದ ಆರೈಕೆ. ಹೇಳದೆ ಕೊಯ್ಯುವುದು ಹಾಗಿರಲಿ, ಬಂದವರಿಗೆಲ್ಲ ರೂಢಿಯಂತೆ ಕೊಯ್ಯುವುದೇ ಬೇಡ ಎಂದು ಅದರಲ್ಲಿದೆ. ಜೊತೆಗೆ ಬೇಕಾದವರು ಇರಲಿ, ಓಡಾಡಲು ಬಿಡಿ, ಅವಳಿಗೆ ಹಿತವಾದ ಭಂಗಿಯಲ್ಲಿ ಹೆರಲಿ ಎಂದೂ ಇದೆ. ಇದು ಮನೆ ಹೆರಿಗೆಯವರು ಮಾಡಿಕೊಂಡ ಪಟ್ಟಿ ಅಲ್ಲ. ಎಲ್ಲ ಆಸ್ಪತ್ರೆಗಳೂ ಪಾಲಿಸಬೇಕಾದದ್ದು.

ಆದರೆ ನಿಮ್ಮ ಎರಡು ಅನುಭವ ಪಕ್ಕಪಕ್ಕ ಇಟ್ಟು 'ಆಸ್ಪತ್ರೆ ಒರಟು, ಮನೆ ಮೃದು' ಎಂದು ತೀರ್ಮಾನಿಸಬೇಡಿ. ಮನೆಗೆ ಬಂದೂ ಹೆಂಗಸಿನ ಮಾತು ಕೇಳದ ಮಿಡ್‌ವೈಫ್‌ಗಳನ್ನು ನಾನು ನೋಡಿದ್ದೇನೆ. ತುಂಬಿ ತುಳುಕುವ ವಾರ್ಡಿನಲ್ಲೂ ಕೈ ಇಡುವ ಮುಂಚೆ ಕೇಳುವವರನ್ನು ನೋಡಿದ್ದೇನೆ. ಗೌರವವನ್ನೂ ಅಭ್ಯಾಸ ಮಾಡಿಯೇ ಕಲಿಯಬೇಕು. ಅದು ಗೋಡೆ ಬದಲಾಯಿಸಿದರೆ ತಾನಾಗಿ ಬರುವುದಿಲ್ಲ.

ಈಗ ಡಾಕ್ಟರ್ ಮಾತು. ಅವರದ್ದು ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಈ ವಿಷಯದಲ್ಲಿ ತೂಕವಿರುವ ಅಧ್ಯಯನವೆಂದರೆ 2011ರಲ್ಲಿ ಪ್ರಕಟವಾದ ಇಂಗ್ಲೆಂಡಿನ 'ಬರ್ತ್‌ಪ್ಲೇಸ್'. ಕಡಿಮೆ ಅಪಾಯದ 64,000ಕ್ಕೂ ಹೆಚ್ಚು ಹೆರಿಗೆಗಳನ್ನು ಅದರಲ್ಲಿ ನೋಡಿದ್ದರು. ಮುಂಚೆ ಒಮ್ಮೆಯಾದರೂ ಹೆತ್ತವರಲ್ಲಿ ಮನೆ ಮತ್ತು ಆಸ್ಪತ್ರೆಯ ನಡುವೆ ಮಗುವಿನ ವಿಷಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮೊದಲ ಸಲ ಹೆರುವವರಲ್ಲಿ ಕಂಡಿತು. ಮಗುವಿನ ಸಾವು ಅಥವಾ ಗಂಭೀರ ತೊಂದರೆ ಆಸ್ಪತ್ರೆಯಲ್ಲಿ ಸಾವಿರಕ್ಕೆ 5.3, ಮನೆಯಲ್ಲಿ ಯೋಜಿಸಿದ ಹೆರಿಗೆಯಲ್ಲಿ ಸಾವಿರಕ್ಕೆ 9.3. ಎರಡೂ ಸಣ್ಣ ಸಂಖ್ಯೆಯೇ. ಆದರೆ ಒಂದು ಇನ್ನೊಂದರ ಹತ್ತಿರ ಹತ್ತಿರ ಎರಡರಷ್ಟು. ಮಿಡ್‌ವೈಫ್‌ಗಳೇ ನಡೆಸುವ ಹೆರಿಗೆ ಕೇಂದ್ರಗಳಲ್ಲಿ ಮೊದಲ ಹೆರಿಗೆಗೂ ಇಂಥ ವ್ಯತ್ಯಾಸ ಕಾಣಲಿಲ್ಲ. ಸಿಸೇರಿಯನ್, ಕೊಯ್ತ, ಇಕ್ಕಳ ಇವೆಲ್ಲ ಮನೆಯಲ್ಲೂ ಕೇಂದ್ರಗಳಲ್ಲೂ ಆಸ್ಪತ್ರೆಗಿಂತ ಕಡಿಮೆ ಇದ್ದವು.

ಮನೆ ಹೆರಿಗೆಯನ್ನು ಹೊಗಳುವವರು ಬಿಟ್ಟುಬಿಡುವ ಇನ್ನೊಂದು ಅಂಕಿ ಅದೇ ಅಧ್ಯಯನದಲ್ಲಿದೆ. ಮನೆಯಲ್ಲಿ ಹೆರಬೇಕೆಂದುಕೊಂಡ ಮೊದಲ ಬಸುರಿನವರಲ್ಲಿ 45 ಶೇಕಡಾ ಮಂದಿಯನ್ನು ನಡುವೆಯೋ ಹೆರಿಗೆಯಾದ ಕೂಡಲೇಯೋ ಆಸ್ಪತ್ರೆಗೆ ಸಾಗಿಸಬೇಕಾಯಿತು. ಮುಂಚೆ ಹೆತ್ತವರಲ್ಲಿ 12 ಶೇಕಡಾ. ಹೆಚ್ಚಿನವು ಸೈರನ್ ಹಾಕಿಕೊಂಡು ಓಡಿದ ಕೇಸುಗಳಲ್ಲ. ಹೆರಿಗೆ ನಿಧಾನವಾಯಿತು, ನೋವು ತಡೆಯಲಾಗದೆ ಎಪಿಡ್ಯೂರಲ್ (ಬೆನ್ನಿಗೆ ಕೊಡುವ ನೋವಿನ ಮದ್ದು) ಬೇಕೆನಿಸಿತು, ಹೊಲಿಗೆ ಜಟಿಲವಾಯಿತು, ಇಂಥವೇ ಜಾಸ್ತಿ. ಮೊದಲ ಹೆರಿಗೆ ಸಾಮಾನ್ಯವಾಗಿ ಉದ್ದ. ಹಿಂದಿನ ಹೆರಿಗೆ ಹೇಗಿತ್ತು ಎಂದು ನೋಡಿ ಅಂದಾಜು ಮಾಡಲು ಏನೂ ಇರುವುದಿಲ್ಲ. ಅದಕ್ಕೇ ಅಷ್ಟು ವ್ಯತ್ಯಾಸ.

ಈ ಅಂಕಿಗಳನ್ನು ಎತ್ತಿಕೊಂಡು ಎಲ್ಲಿ ಬೇಕಾದರೂ ಅಂಟಿಸುವಂತಿಲ್ಲ. ಅಲ್ಲಿ ಹೆರಿಗೆ ಮಾಡಿಸಿದವರು ಪೂರ್ತಿ ತರಬೇತಿಯಾದ, ನೋಂದಣಿಯಿರುವ ಮಿಡ್‌ವೈಫ್‌ಗಳು. ಅವಳಿ, ಅಡ್ಡ ಇರುವ ಮಗು, ಏರಿದ ಬಿಪಿ, ಹಿಂದೆ ಸಿಸೇರಿಯನ್ ಆದವರು, 37 ವಾರ ತುಂಬದವರು ಇವರೆಲ್ಲ ಲೆಕ್ಕದಲ್ಲೇ ಇಲ್ಲ. ಕರೆದರೆ ಆಂಬುಲೆನ್ಸ್ ಬರುತ್ತದೆ. ಆಸ್ಪತ್ರೆಯವರು ಬೈಯದೆ ಒಳಗೆ ಕರೆದುಕೊಳ್ಳುತ್ತಾರೆ. ಈ ನಾಲ್ಕರಲ್ಲಿ ಒಂದು ಕಳಚಿದರೂ ಲೆಕ್ಕ ಬೇರೆ. ನಿಮ್ಮ ಡಾಕ್ಟರ್ ಬಹುಶಃ ನೋಡಿರುವುದು ನಾಲ್ಕೂ ಇಲ್ಲದ ಮನೆ ಹೆರಿಗೆಗಳನ್ನು, ಅದೂ ಕೆಟ್ಟು ಕೊನೆ ಗಳಿಗೆಯಲ್ಲಿ ಬಂದವನ್ನು. ಹಾಗಿದ್ದಾಗ ಅವರು ಇನ್ನೇನು ಹೇಳಿಯಾರು?

ಇಲ್ಲಿಂದ ನಿಮ್ಮ ಕೋರ್ಸಿನ ಪ್ರಶ್ನೆಗೆ ಬರೋಣ. ಆರು ವಾರ ಸಾಕಾಗುವುದಿಲ್ಲ. ಯಾಕೆ ಎಂದು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಸುಮ್ನೆ ಹೆದರಿಸಲು ಅಲ್ಲ.

ಸುಸೂತ್ರವಾಗಿ ನಡೆಯುವ ಹೆರಿಗೆಯಲ್ಲಿ ಮಿಡ್‌ವೈಫ್ ಕೈಯಿಂದ ಮಾಡುವ ಕೆಲಸ ಕಡಿಮೆ. ನಿಮ್ಮ ಎರಡನೇ ಹೆರಿಗೆಯಲ್ಲಿ ಆಕೆ ಹೆಚ್ಚಾಗಿ ಮೂಲೆಯಲ್ಲಿ ಕೂತಿದ್ದರು ಅಲ್ವಾ? ನಿಮಗೆ ಕಂಡದ್ದು ಶಾಂತಿ. ಆಕೆ ಆಗ ಎಣಿಸುತ್ತಿದ್ದರು. ನೋವಿನ ಮೊದಲ ಹಂತದಲ್ಲಿ 15ರಿಂದ 30 ನಿಮಿಷಕ್ಕೊಮ್ಮೆ, ಮಗುವನ್ನು ಹೊರದೂಡುವ ಹಂತದಲ್ಲಿ 5 ನಿಮಿಷಕ್ಕೊಮ್ಮೆ ಮಗುವಿನ ಎದೆಬಡಿತ ಕೇಳಬೇಕು. ನಿಮಿಷಕ್ಕೆ 110ರಿಂದ 160ರ ನಡುವೆ ಇದೆಯೇ, ನೋವು ಬಂದು ಹೋದ ಮೇಲೆ ಇಳಿಯುತ್ತಿದೆಯೇ, ಇಳಿದದ್ದು ಮೇಲೇಳುತ್ತಿದೆಯೇ. ಮಗುವಿನ ಸುತ್ತ ಇದ್ದ ನೀರಿನ ಬಣ್ಣ ಏನು. ತಾಯಿಯ ಬಿಪಿ, ನಾಡಿ, ಜ್ವರ. ಮೂತ್ರ ಹೋಗಿ ಎಷ್ಟು ಹೊತ್ತಾಯಿತು. ಇದನ್ನೆಲ್ಲ ಬರೆದಿಟ್ಟುಕೊಂಡು, ಇಲ್ಲೇ ಮುಂದುವರಿಯಬಹುದೇ ಅಥವಾ ಹೊರಡಬೇಕೇ ಎಂದು ಮತ್ತೆ ಮತ್ತೆ ತೀರ್ಮಾನಿಸುತ್ತಿರಬೇಕು. ಮನೆ ಹೆರಿಗೆಯಲ್ಲಿ ನಿಜವಾದ ವಿದ್ಯೆ ಇದೇ. ಯಾರನ್ನು ಮನೆಯಲ್ಲಿ ಒಪ್ಪಿಕೊಳ್ಳಬಹುದು, ಯಾವಾಗ ಮನೆ ಬಿಡಬೇಕು. ನೂರಾರು ಹೆರಿಗೆ ನೋಡದ ಕಣ್ಣಿಗೆ ಅದು ದಕ್ಕುವುದಿಲ್ಲ.

ಇನ್ನು ತುರ್ತು. ಮುಖ್ಯವಾಗಿ ಮೂರು.

ರಕ್ತಸ್ರಾವ ಮೊದಲನೆಯದು. ಮಾಸು ಬಿಡಿಸಿಕೊಂಡ ಜಾಗದಲ್ಲಿ ರಕ್ತನಾಳಗಳು ತೆರೆದೇ ಇರುತ್ತವೆ. ಗರ್ಭಕೋಶ ಬಿಗಿಯಾಗಿ ಮುದುಡಿದಾಗ ಅದರ ಸ್ನಾಯುಗಳೇ ಅವನ್ನು ಹಿಸುಕಿ ಮುಚ್ಚುತ್ತವೆ. ಮುದುಡದೆ ಸಡಿಲಾಗಿ ಉಳಿದರೆ ರಕ್ತ ಹರಿಯುತ್ತಲೇ ಇರುತ್ತದೆ, ನಿಮಿಷಗಳಲ್ಲಿ ಅಪಾಯ. ಕಣ್ಣಂದಾಜಿನಲ್ಲಿ ರಕ್ತ ಅಳೆದರೆ ಅನುಭವಿಗಳೂ ಕಡಿಮೆಯೇ ಹೇಳುತ್ತಾರೆ. 2023ರಲ್ಲಿ ಬಂದ 'ಇ-ಮೋಟಿವ್' ಎಂಬ ದೊಡ್ಡ ಪ್ರಯೋಗದಲ್ಲಿ ಅಳತೆ ಗುರುತಿರುವ ಪ್ಲಾಸ್ಟಿಕ್ ಹಾಳೆ ಹಾಸಿ ರಕ್ತ ಅಳೆದರು. ಮಿತಿ ದಾಟಿದ ಕೂಡಲೇ ಗರ್ಭಕೋಶ ನೀವುವುದು, ಗರ್ಭಕೋಶ ಮುದುಡಿಸುವ ಆಕ್ಸಿಟೋಸಿನ್, ರಕ್ತ ಹೋಗುವುದನ್ನು ತಗ್ಗಿಸುವ ಟ್ರಾನೆಕ್ಸಮಿಕ್ ಆಸಿಡ್, ಡ್ರಿಪ್, ಕಾರಣ ಹುಡುಕುವುದು ಎಲ್ಲವನ್ನೂ ಒಂದರ ಹಿಂದೆ ಒಂದು ಕಾಯದೆ ಒಟ್ಟಿಗೇ ಶುರು ಮಾಡಿದರು. ಗಂಭೀರ ರಕ್ತಸ್ರಾವ ಮತ್ತು ಅದರಿಂದಾಗುವ ಆಪರೇಷನ್, ಸಾವು ಸೇರಿ 60 ಶೇಕಡಾ ಇಳಿಯಿತು. ಮನೆಗೆ ಹೋಗುವವರ ಚೀಲದಲ್ಲೂ ಆ ಹಾಳೆ, ಆ ಔಷಧಿ ಇರಬೇಕು. ಆಕ್ಸಿಟೋಸಿನ್ ಅನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಇಲ್ಲವಾದರೆ ಅದರ ಶಕ್ತಿ ಕುಂದುತ್ತದೆ. ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯಲ್ಲಿ ಬಿದ್ದಿದ್ದ ಆಂಪೂಲ್ ನಂಬಿ ಯಾರ ಮನೆಗೂ ಹೋಗಬಾರದು. ಔಷಧಿ ಕೊಡಲು ಲೈಸೆನ್ಸ್ ಬೇಕು. ಆರು ವಾರದ ಸರ್ಟಿಫಿಕೇಟ್ ಅದನ್ನು ಕೊಡುವುದಿಲ್ಲ.

ಎರಡನೆಯದು ಮಗುವಿನ ಉಸಿರು. ಹುಟ್ಟುವ ಹತ್ತು ಮಕ್ಕಳಲ್ಲಿ ಸುಮಾರು ಒಂದಕ್ಕೆ ಉಸಿರು ಶುರು ಮಾಡಲು ಏನಾದರೂ ಸಹಾಯ ಬೇಕಾಗುತ್ತದೆ. ಹೆಚ್ಚಿನವಕ್ಕೆ ಒರೆಸಿ ಬೆನ್ನುಜ್ಜಿದರೆ ಸಾಕು. ಕೆಲವಕ್ಕೆ ಮೊದಲ ನಿಮಿಷದೊಳಗೆ ಬ್ಯಾಗ್ ಮತ್ತು ಮಾಸ್ಕ್‌ನಿಂದ ಗಾಳಿ ಕೊಡಬೇಕು. ಅದೇ ಹೊತ್ತಿಗೆ ತಾಯಿಗೆ ರಕ್ತ ಹೋಗುತ್ತಿರಬಹುದು. ಹಾಗಾಗಿ ಮನೆ ಹೆರಿಗೆಗೆ ತರಬೇತಾದ ಇಬ್ಬರು ಇರಬೇಕು. ಒಬ್ಬರೇ ಹೋಗುವ ಮಿಡ್‌ವೈಫ್ ಎಷ್ಟೇ ಜಾಣೆಯಾಗಿರಲಿ, ಅದನ್ನು ನಾನು ಒಪ್ಪುವುದಿಲ್ಲ.

ಮೂರನೆಯದು, ತಲೆ ಹೊರಬಂದು ಭುಜ ಸಿಕ್ಕಿಕೊಳ್ಳುವುದು. ಕಾಲುಗಳನ್ನು ಹೊಟ್ಟೆಯ ಕಡೆ ಮಡಚಿಸುವುದು, ಕಿಬ್ಬೊಟ್ಟೆಯ ಮೂಳೆಯ ಮೇಲಿನಿಂದ ಒತ್ತುವುದು, ತಾಯಿಯನ್ನು ಮಂಡಿ-ಅಂಗೈ ಊರಿಸಿ ತಿರುಗಿಸುವುದು, ಇವೆಲ್ಲ ಕ್ರಮಗಳಿವೆ. ಕೊನೆಯದಕ್ಕೆ ವೈದ್ಯಕೀಯ ಪಠ್ಯಗಳಲ್ಲಿ ಗ್ಯಾಸ್ಕಿನ್ ಕ್ರಮ ಎಂದು ಹೆಸರು. ಅಮೆರಿಕದ ಮಿಡ್‌ವೈಫ್ ಐನಾ ಮೇ ಗ್ಯಾಸ್ಕಿನ್ ಅದನ್ನು ಗ್ವಾಟೆಮಾಲಾದ ಸೂಲಗಿತ್ತಿಯರಿಂದ ತಿಳಿದುಕೊಂಡು ಹರಡಿದರು. ಸೂಲಗಿತ್ತಿಯರ ಕೈಯಲ್ಲಿ ವಿದ್ಯೆ ಇದೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಆದರೂ ರಕ್ತ ನಿಲ್ಲಿಸುವ ಔಷಧಿ, ಆಸ್ಪತ್ರೆಗೆ ಕಳಿಸುವ ವ್ಯವಸ್ಥೆ ಕೈಯಲ್ಲಿಲ್ಲದಿದ್ದರೆ ಎಂಥ ಅನುಭವಿಗೂ ಮಾಡಲು ಆಗುವುದು ಸ್ವಲ್ಪವೇ.

ಹಾಗಂತ ಆ ಕೋರ್ಸ್ ವ್ಯರ್ಥ ಅಂತಲ್ಲ. ಅದು ನಿಮ್ಮನ್ನು ಮಿಡ್‌ವೈಫ್ ಮಾಡದಿದ್ದರೂ ಡೌಲಾ ಕೆಲಸಕ್ಕೆ ಹತ್ತಿರ ತರಬಹುದು. ಡೌಲಾ ಪರೀಕ್ಷೆ ಮಾಡುವುದಿಲ್ಲ, ಔಷಧಿ ಕೊಡುವುದಿಲ್ಲ, ಮಗುವನ್ನು ಹಿಡಿಯುವುದಿಲ್ಲ. ಜೊತೆಗಿರುತ್ತಾಳೆ. ಬೆನ್ನು ಒತ್ತುತ್ತಾಳೆ, ಡಾಕ್ಟರ್ ಹೇಳಿದ್ದು ಅರ್ಥವಾಯಿತೇ ಎಂದು ಕೇಳುತ್ತಾಳೆ. ಇದು ಸಣ್ಣ ಕೆಲಸ ಅಲ್ಲ. ಹೆರಿಗೆಯುದ್ದಕ್ಕೂ ಒಬ್ಬರು ಬಿಡದೆ ಜೊತೆಗಿದ್ದರೆ ಸಿಸೇರಿಯನ್ ಕಡಿಮೆಯಾಗುತ್ತದೆ, ಹೆರಿಗೆಯ ಹೊತ್ತು ಸ್ವಲ್ಪ ಇಳಿಯುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದ ಕಾಕ್ರೇನ್ ವಿಮರ್ಶೆ ಹೇಳುತ್ತದೆ. ಮಕ್ಕಳು ಚಿಕ್ಕವರಿರುವಾಗ ಒಂದೆರಡು ವರ್ಷ ಡೌಲಾ ಆಗಿ, ರಾತ್ರಿ ಎರಡು ಗಂಟೆಯ ಫೋನು ನಿಮಗೆ ಒಗ್ಗುತ್ತದೆಯೇ ನೋಡಿ. ಅಪಾಯ ಇರುವುದು ಡೌಲಾ ತರಬೇತಿ ಪಡೆದು ಮಿಡ್‌ವೈಫ್ ಕೆಲಸಕ್ಕೆ ಇಳಿಯುವುದರಲ್ಲಿ. ಯಾರೋ ಗೋಗರೆಯುತ್ತಾರೆ, 'ನೀವೇ ಬನ್ನಿ, ಡಾಕ್ಟರ್ ಬೇಡ' ಎನ್ನುತ್ತಾರೆ. ಹೋಗಬೇಡಿ.

ಮಿಡ್‌ವೈಫ್ ಆಗಲು ದಾರಿಗಳು ಹೀಗಿವೆ. ಅಂತರರಾಷ್ಟ್ರೀಯ ಮಿಡ್‌ವೈಫ್ ಒಕ್ಕೂಟ ಒಂದು ಕನಿಷ್ಠ ಅಳತೆ ಇಟ್ಟಿದೆ. ನೇರವಾಗಿ ಸೇರುವವರಿಗೆ 3 ವರ್ಷ, ನರ್ಸಿಂಗ್ ಮುಗಿಸಿ ಬಂದವರಿಗೆ 18 ತಿಂಗಳು, ಅದರಲ್ಲಿ ಅರ್ಧದಷ್ಟಾದರೂ ತಾಯಂದಿರ ಜೊತೆಗಿನ ಕೆಲಸ. ಯುರೋಪಿಯನ್ ಒಕ್ಕೂಟದ ನಿಯಮ ಇನ್ನೂ ಖಚಿತ. ವಿದ್ಯಾರ್ಥಿ 100 ಗರ್ಭಿಣಿ ತಪಾಸಣೆ ಮಾಡಬೇಕು, 40 ಹೆರಿಗೆ ತಾನೇ ಮಾಡಿಸಬೇಕು, ಅಪಾಯದಲ್ಲಿರುವ 40 ಹೆಂಗಸರನ್ನು ನೋಡಿಕೊಳ್ಳಬೇಕು, 100 ಬಾಣಂತಿ ಮತ್ತು ಮಕ್ಕಳನ್ನು ಪರೀಕ್ಷಿಸಬೇಕು. ಯಾವ ಕೋರ್ಸ್ ನೋಡಿದರೂ ಈ ಸಂಖ್ಯೆಗಳ ಪಕ್ಕ ಇಟ್ಟು ನೋಡಿ.

ನಿಮಗೆ ನೇರ ದಾರಿ ಹೊಂದುತ್ತದೆ, ಅದು ಇರುವ ದೇಶದಲ್ಲಿ ಇದ್ದರೆ. ನೆದರ್‌ಲ್ಯಾಂಡ್ಸ್‌ನಲ್ಲಿ ಇದು ನಾಲ್ಕು ವರ್ಷದ ಪದವಿ. ಯಾರನ್ನು ಮಿಡ್‌ವೈಫ್ ನೋಡಬಹುದು, ಯಾರನ್ನು ತಜ್ಞರಿಗೆ ಕಳಿಸಬೇಕು ಎಂಬ ಅಧಿಕೃತ ಪಟ್ಟಿಯೇ ಅಲ್ಲಿದೆ. ಬ್ರಿಟನ್‌ನಲ್ಲಿ ಸಾಮಾನ್ಯವಾಗಿ ಮೂರು ವರ್ಷ. ನ್ಯೂಜಿಲೆಂಡ್‌ನಲ್ಲಿ 1990ರ ಕಾನೂನು ತಿದ್ದುಪಡಿಯ ನಂತರ ಮಿಡ್‌ವೈಫ್ ಸ್ವಂತ ಜವಾಬ್ದಾರಿಯಲ್ಲಿ ಬಸುರಿನಿಂದ ಬಾಣಂತನದವರೆಗೆ ನೋಡಿಕೊಳ್ಳಬಹುದು. ಕೆನಡಾದ ಒಂಟಾರಿಯೊದಲ್ಲಿ ಮಿಡ್‌ವೈಫ್‌ಗಳು ಮನೆಯಲ್ಲೂ ಆಸ್ಪತ್ರೆಯಲ್ಲೂ ಹೆರಿಗೆ ಮಾಡಿಸುತ್ತಾರೆ. ಅಮೆರಿಕದಲ್ಲಿ ದಾರಿ ಒಡೆದಿದೆ. ನರ್ಸ್-ಮಿಡ್‌ವೈಫ್‌ಗಳು ಬಹುಪಾಲು ಆಸ್ಪತ್ರೆಯಲ್ಲಿರುತ್ತಾರೆ. ಸಿಪಿಎಂ (ಸರ್ಟಿಫೈಡ್ ಪ್ರೊಫೆಷನಲ್ ಮಿಡ್‌ವೈಫ್) ಎಂಬ ಅರ್ಹತೆಗೆ ಆಸ್ಪತ್ರೆಯ ಹೊರಗಿನ ಅನುಭವ ಕಡ್ಡಾಯ, ಆದರೆ ಅದಕ್ಕೆ ಎಲ್ಲ ರಾಜ್ಯಗಳಲ್ಲೂ ಲೈಸೆನ್ಸ್ ಇಲ್ಲ. ಭಾರತದ 2018ರ ಮಾರ್ಗಸೂಚಿಯಲ್ಲಿ ನರ್ಸಿಂಗ್ ಆದವರಿಗೆ 18 ತಿಂಗಳ ತರಬೇತಿ ಇದೆ. ಅವರು ಕೆಲಸ ಮಾಡುವುದು ಆಸ್ಪತ್ರೆಗೆ ಹೊಂದಿಕೊಂಡ ಮಿಡ್‌ವೈಫ್ ಘಟಕಗಳಲ್ಲಿ, ಮನೆಗಳಲ್ಲಿ ಅಲ್ಲ. ಗೌರವದ ಆರೈಕೆಯೇ ನಿಮ್ಮ ಗುರಿಯಾದರೆ ಅಂಥ ಘಟಕವನ್ನೂ ತಳ್ಳಿಹಾಕಬೇಡಿ.

ನರ್ಸಿಂಗ್ ದಾರಿ ಉದ್ದ, ಖರ್ಚೂ ಜಾಸ್ತಿ. ಆದರೆ ಕೆಲಸ ಎಲ್ಲಿ ಬೇಕಾದರೂ ಸಿಗುತ್ತದೆ, ಮನೆ ಹೆರಿಗೆಗೆ ಕಾನೂನು ಇಲ್ಲದ ಜಾಗದಲ್ಲೂ ಕೈ ಖಾಲಿ ಇರುವುದಿಲ್ಲ. ಹಿರಿಯ ಮಿಡ್‌ವೈಫ್ ಜೊತೆ ಶಿಷ್ಯೆಯಾಗಿ ಕಲಿಯುವ ದಾರಿಯಲ್ಲಿ ಮನೆ ಹೆರಿಗೆಯ ಸೂಕ್ಷ್ಮ ಚೆನ್ನಾಗಿ ಕಲಿಯಬಹುದು. ಆದರೆ ನಿಮ್ಮ ಗುರುವಿಗೆ ಗೊತ್ತಿಲ್ಲದ್ದು ನಿಮಗೂ ಗೊತ್ತಾಗುವುದಿಲ್ಲ, ಆಕೆಯ ತಪ್ಪು ರೂಢಿ ನಿಮಗೆ ಸರಿ ಎನಿಸುತ್ತದೆ. ಇದೊಂದನ್ನೇ ನೆಚ್ಚಬೇಡಿ.

ನಿಮ್ಮ ಗೆಳತಿಯ ಭಯಕ್ಕೆ ಬರುತ್ತೇನೆ. ಅದರಲ್ಲಿ ನಿಜ ಇದೆ. ಮೊದಲ ವಾರ 'ಹೀಗೆ ಮಾತಾಡುತ್ತಾರಾ' ಎಂದು ಬೆಚ್ಚಿದ ವಿದ್ಯಾರ್ಥಿನಿ, ಆರು ತಿಂಗಳಲ್ಲಿ ತಾನೇ 'ಏ, ಕಾಲು ಅಗಲಿಸು' ಎನ್ನುವುದನ್ನು ಕೇಳಿದ್ದೇನೆ. ಹೆಚ್ಚಿನವರು ಕೆಟ್ಟವರೇನಲ್ಲ. ಒಬ್ಬ ನರ್ಸ್ ಮೇಲೆ ಆರೇಳು ಹೆರಿಗೆ, ನಿದ್ದೆ ಇಲ್ಲ, ಮೇಲಿನವರು ಬೈಯುತ್ತಾರೆ, ಆ ಬೈಗುಳ ಕೆಳಗೆ ಇಳಿಯುತ್ತದೆ. ಕೊನೆಗೆ ಅದು ಬೀಳುವುದು ಮಂಚದ ಮೇಲಿದ್ದವಳ ಮೇಲೆ. ಆದರೂ ಅಲ್ಲಿಗೆ ಹೋಗಿ ಕಲಿಯಿರಿ ಎಂದೇ ಹೇಳುತ್ತೇನೆ. ಮನೆ ಹೆರಿಗೆ ಮಾತ್ರ ನೋಡುವವರಿಗೆ ಗಂಭೀರ ರಕ್ತಸ್ರಾವ ವರ್ಷಗಟ್ಟಲೆ ಕಾಣದೇ ಇರಬಹುದು. ವಾರ್ಡಿನಲ್ಲಿ ಕೆಟ್ಟ ಹೆರಿಗೆ ಹೇಗೆ ಶುರುವಾಗುತ್ತದೆ ಎಂದು ಕಣ್ಣಾರೆ ಕಾಣುತ್ತೀರಿ. ಇನ್ನೊಂದು, ಮುಂದೆ ನೀವು ಫೋನ್ ಮಾಡಿ 'ಕರೆತರುತ್ತಿದ್ದೇನೆ' ಎಂದಾಗ ಆ ಕಡೆ ಎತ್ತುವವರು ನಿಮ್ಮ ಧ್ವನಿ ಗುರುತಿಸಬೇಕು. ಆ ಪರಿಚಯದಿಂದ ಉಳಿಯುವ ನಿಮಿಷಗಳು ದೊಡ್ಡವು.

ಅಂಟದಂತೆ ನೋಡಿಕೊಳ್ಳಲು ನಾನು ವಿದ್ಯಾರ್ಥಿಗಳಿಗೆ ಹೇಳುವುದು ಸರಳ. ಕೈ ಇಡುವ ಮುಂಚೆ ಹೆಸರು ಹಿಡಿದು ಮಾತಾಡಿಸಿ. ಏನು ಮಾಡುತ್ತೀರಿ, ಯಾಕೆ, ಬೇಡ ಎನ್ನಬಹುದು, ಈ ಮೂರನ್ನೂ ಹೇಳಿ. ನೋವು ಬಂದಾಗ ಕೇಳಬೇಡಿ, ಅದು ಇಳಿಯಲಿ. 'ನಿಲ್ಲಿಸಿ' ಎಂದರೆ ಕೈ ತೆಗೆಯಿರಿ, ಆಮೇಲೆ ಮಾತು. ತುರ್ತಿನಲ್ಲೂ ಒಂದು ವಾಕ್ಯ ಹೇಳಲು ಹೊತ್ತಿರುತ್ತದೆ: 'ಮಗುವಿನ ಭುಜ ಸಿಕ್ಕಿದೆ, ನಿಮ್ಮ ಕಾಲು ಮಡಚುತ್ತೇವೆ.' ಇದನ್ನು ಬೊಂಬೆಯ ಮೇಲೆ ಅಭ್ಯಾಸ ಮಾಡುವಾಗಲೇ ಬಾಯಿಬಿಟ್ಟು ಹೇಳಬೇಕು. ಇಲ್ಲದಿದ್ದರೆ ನಿಜವಾದ ಹೊತ್ತಿನಲ್ಲಿ ನಾಲಿಗೆ ಏಳುವುದಿಲ್ಲ.

ಗೌರವ ಅಂದರೆ ಕೇಳಿದ್ದಕ್ಕೆಲ್ಲ ಹೂಂ ಅನ್ನುವುದು ಅಂತಲೂ ಅಲ್ಲ. ಬಿಪಿ ಏರಿದವಳಿಗೆ 'ನಿಮ್ಮ ಹೆರಿಗೆಯನ್ನು ಮನೆಯಲ್ಲಿ ನಾನು ಒಪ್ಪಿಕೊಳ್ಳಲಾರೆ' ಎಂದು ನೇರವಾಗಿ ಹೇಳುವುದೂ ಗೌರವವೇ. ಆಮೇಲೆ ಅವಳ ಜೊತೆ ಆಸ್ಪತ್ರೆಗೆ ಹೋಗಬಹುದು. ಎಲ್ಲಕ್ಕಿಂತ ಕಷ್ಟದ್ದು, ನಡು ಹೆರಿಗೆಯಲ್ಲಿ ಹೊರಡಬೇಕು ಎಂದಾಗ ಆಕೆ ಒಲ್ಲೆ ಎನ್ನುವುದು. ಬಲವಂತ ಮಾಡುವಂತಿಲ್ಲ, ಬಿಟ್ಟು ಬರುವಂತೆಯೂ ಇಲ್ಲ. ಕಂಡದ್ದನ್ನು ಸ್ಪಷ್ಟವಾಗಿ ಹೇಳಬೇಕು, ಆಂಬುಲೆನ್ಸ್ ಬಾಗಿಲಿಗೆ ಕರೆಸಿಟ್ಟುಕೊಳ್ಳಬೇಕು, ಬರೆದಿಡಬೇಕು, ಜೊತೆಗಿರಬೇಕು. ಈ ಮಾತುಕತೆ ಏಳನೇ ತಿಂಗಳಿನಲ್ಲೇ ಆಗಿದ್ದರೆ ನೋವಿನ ಹೊತ್ತಿನಲ್ಲಿ ಅಷ್ಟು ಕಷ್ಟವಾಗುವುದಿಲ್ಲ.

ಕಾನೂನಿನ ಬಗ್ಗೆ ಚಿಕ್ಕದಾಗಿ. ಎಲ್ಲಿ ಹೆರಬೇಕು ಎಂಬ ಆಯ್ಕೆ ಖಾಸಗಿ ಬದುಕಿನ ಹಕ್ಕಿನ ಭಾಗ ಎಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2010ರಲ್ಲಿ ಹಂಗೇರಿಯ ಪ್ರಕರಣದಲ್ಲಿ ಹೇಳಿತು. ಅದೇ ನ್ಯಾಯಾಲಯ 2016ರಲ್ಲಿ ಝೆಕ್ ದೇಶದ ಪ್ರಕರಣದಲ್ಲಿ, ಮಿಡ್‌ವೈಫ್ ಮನೆ ಹೆರಿಗೆಗೆ ಹೋಗದಂತೆ ಕಾನೂನು ತಡೆದರೂ ಹಕ್ಕಿನ ಉಲ್ಲಂಘನೆ ಅಲ್ಲ ಎಂದಿತು. ಅಂದರೆ ಹೆರುವವಳ ಹಕ್ಕು ಬೇರೆ, ನಿಮ್ಮ ಲೈಸೆನ್ಸ್ ಬೇರೆ. ನೀವು ಕೆಲಸ ಮಾಡುವ ಜಾಗದ ನೋಂದಣಿ ಮಂಡಳಿ ಏನು ಹೇಳುತ್ತದೆ, ವಿಮೆ ಸಿಗುತ್ತದೆಯೇ ಎಂದು ಫೀಸು ಕಟ್ಟುವ ಮುಂಚೆಯೇ ಲಿಖಿತವಾಗಿ ಕೇಳಿ ತಿಳಿದುಕೊಳ್ಳಿ.

ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ಈ ಕೆಲಸಕ್ಕೆ ಬರುವ ಬಹಳ ಮಂದಿ ನಿಮ್ಮ ಹಾಗೆಯೇ ತಮ್ಮ ಗಾಯದಿಂದ ಬರುತ್ತಾರೆ. ಅದು ಒಳ್ಳೆಯ ಕಾರಣವೇ. ಆದರೆ ಆ ಗಾಯ ಹಸಿಯಾಗಿದ್ದರೆ ಪ್ರತಿ ಹೆರಿಗೆಯಲ್ಲೂ ನಿಮ್ಮದೇ ಮೊದಲ ಹೆರಿಗೆ ಕಾಣುತ್ತದೆ. ಆಸ್ಪತ್ರೆಯೇ ಬೇಕು, ಎಪಿಡ್ಯೂರಲ್ ಬೇಕು ಎನ್ನುವವಳು ಎದುರು ಬಂದಾಗ ನಿಮಗೆ ಸಿಟ್ಟು ಬರಬಹುದು. ಹೊರಡಬೇಕಾದಾಗ 'ಇನ್ನೊಂದು ಗಂಟೆ ನೋಡೋಣ' ಅನ್ನಿಸಬಹುದು, ಅದು ಇನ್ನೂ ಅಪಾಯ. ತರಬೇತಿಗೆ ಮುಂಚೆ ಆಪ್ತಸಲಹೆಗಾರರ ಬಳಿ ನಾಲ್ಕು ಸಲ ಕೂತು ಮಾತಾಡಿ. ಸಾಧ್ಯವಾದರೆ ಆ ಆಸ್ಪತ್ರೆಗೆ ನಿಮ್ಮ ಅನುಭವ ಬರೆದು ಕಳಿಸಿ.

ಕೋರ್ಸ್ ಆರಿಸುವಾಗ ನೇರವಾಗಿ ಕೇಳಿ. ಎಷ್ಟು ಹೆರಿಗೆ ನಾನೇ ಮಾಡಿಸುತ್ತೇನೆ, ಪಕ್ಕದಲ್ಲಿ ಯಾರು ಇರುತ್ತಾರೆ? ತುರ್ತಿನ ಅಭ್ಯಾಸ ಎಷ್ಟು ತಿಂಗಳಿಗೊಮ್ಮೆ? ಮುಗಿದ ಮೇಲೆ ನೋಂದಣಿ ಸಿಗುತ್ತದೆಯೇ? ನಿಮ್ಮ ಶಿಕ್ಷಕಿಯರು ಕಳೆದ ವರ್ಷ ಎಷ್ಟು ಜನರನ್ನು ಮನೆಯಿಂದ ಆಸ್ಪತ್ರೆಗೆ ಸಾಗಿಸಿದರು? 'ಒಬ್ಬರನ್ನೂ ಇಲ್ಲ' ಎಂದು ಹೆಮ್ಮೆಪಟ್ಟರೆ ಅಲ್ಲಿ ಸೇರಬೇಡಿ. ಎಷ್ಟು, ಯಾಕೆ, ಆಮೇಲೆ ಏನಾಯಿತು ಎಂದು ದಾಖಲೆ ತೆರೆದು ಹೇಳುವವರು ಸಿಕ್ಕರೆ ಅರ್ಜಿ ಹಾಕಿ.